ರೋಲ್ ತೊಳೆದ ನೀರು

ಎಂಬತ್ತರ ದಶಕದ ಬೆಂಗಳೂರಿನಲ್ಲಿ ಮನೆಯಲ್ಲೇ ಕಪ್ಪು-ಬಿಳುಪು ರೋಲ್ ತೊಳೆಯುತ್ತಿದ್ದ ನಮಗೆ ಡೆವಲಪರ್‌ಗಿಂತ ನಲ್ಲಿಯ ಚಿಂತೆಯೇ ದೊಡ್ಡದು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಫಿಲ್ಮ್ ಸಿಗುತ್ತಿತ್ತು. ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೋರ್ಯಾಕ್ಸ್ 2 ತೂಗಿ ಬೆರೆಸಿದರೆ ಡಿ-76 ಡೆವಲಪರ್ ಸಿದ್ಧ. ಆದರೆ ಫಿಕ್ಸರ್ ಆಗಿ ಬಳಸುವ ಹೈಪೋದಿಂದ ತೆಗೆದ ಫಿಲ್ಮನ್ನು ಹರಿಯುವ ನೀರಿನಲ್ಲಿ ಅರ್ಧ ಗಂಟೆ ತೊಳೆಯಬೇಕಿತ್ತು. ನಲ್ಲಿ ಬರುವುದೇ ಗೊತ್ತಾದ ಹೊತ್ತಿಗೆ. ಉಳಿದ ಹೊತ್ತು ಡ್ರಮ್ಮಿನ ನೀರು. ಅದು ಅಡುಗೆಗೆ, ಸ್ನಾನಕ್ಕೆ. “ಮೊದಲು ಪಾತ್ರೆ, ಆಮೇಲೆ ನಿನ್ನ ಫೋಟೋ” ಅನ್ನುತ್ತಿದ್ದರು ಅಮ್ಮ.

ನೆಗೆಟಿವ್ ಮೇಲೆ ಕಲೆ ಕಂಡ ಕೂಡಲೇ ಎಲ್ಲರೂ ಬೈಯುವುದು ಡೆವಲಪರನ್ನು. ನಾನು ಮೊದಲು ಹೈಪೋ ಡಬ್ಬಿಯ ಕಡೆ ನೋಡುತ್ತೇನೆ, ಆಮೇಲೆ ನೀರಿನ ಕಡೆ.

ಹೈಪೋ ಹರಳನ್ನು ನೀರಿಗೆ ಸುರಿದು ಕಲಕುತ್ತಿದ್ದಂತೆ ಪಾತ್ರೆ ಕೈಗೆ ತಣ್ಣಗೆ ಹತ್ತುತ್ತದೆ. ಅದಕ್ಕೇ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಡೆವಲಪರಿನ ಉಷ್ಣಾಂಶಕ್ಕೆ ಬರುವತನಕ ಕಾಯುವುದು. ಹೊಸ ಹೈಪೋಗೆ ಫಿಲ್ಮಿನ ತುದಿಯ ಒಂದು ಚೂರು ಹಾಕಿ, ಹಾಲಿನ ಬಣ್ಣ ಹೋಗಿ ತಿಳಿಯಾಗಲು ಎಷ್ಟು ಹೊತ್ತು ಬೇಕೆಂದು ನೋಡಿ ಬರೆದಿಡಬೇಕು. ಫಿಲ್ಮ್ ಅದರ ಎರಡರಷ್ಟು ಹೊತ್ತು ಹೈಪೋದಲ್ಲಿರಬೇಕು. ಮುಂದೆಂದೋ ಅಂಥ ಚೂರು ತಿಳಿಯಾಗುವುದಕ್ಕೇ ಎರಡರಷ್ಟು ಹೊತ್ತು ಹಿಡಿದರೆ ಆ ಹೈಪೋ ಮುಗಿಯಿತು, ಚೆಲ್ಲಬೇಕು. ಚೆಲ್ಲಲು ಮನಸ್ಸು ಬಾರದವರೇ ಆಗ ಹೆಚ್ಚು. ಮದುವೆ ಸೀಸನ್‌ನಲ್ಲಿ ಸ್ಟುಡಿಯೋಗಳೂ ಅದನ್ನೇ ಎಳೆದಾಡುತ್ತಿದ್ದವು.

ಫಲ ಈಗ ಕಾಣುತ್ತಿದೆ. ಸ್ಕ್ಯಾನ್ ಮಾಡಲೆಂದು ಪೆಟ್ಟಿಗೆ ತೆರೆದರೆ, ಡ್ರಮ್ಮಿನ ನೀರನ್ನು ಮತ್ತೆ ಮತ್ತೆ ಬದಲಿಸಿ ಮನೆಯಲ್ಲಿ ತೊಳೆದ ರೋಲುಗಳು ಸ್ವಚ್ಛ. ಸ್ಟುಡಿಯೋಗೆ ಕೊಟ್ಟಿದ್ದ ಅಕ್ಕನ ಮದುವೆಯ ರೋಲಿನಲ್ಲಿ ಧಾರೆಯ ಮಂಟಪಕ್ಕೆಲ್ಲ ಹಳದಿಗಂದು ಕಲೆ. ದಣಿದ ಹೈಪೋದಲ್ಲಿ ಹುಟ್ಟುವ ಬೆಳ್ಳಿಯ ಸಂಯುಕ್ತಗಳು ಸುಲಭವಾಗಿ ತೊಳೆದುಹೋಗುವುದಿಲ್ಲ; ಎಮಲ್ಷನ್‌ನಲ್ಲೇ ಕೂತು ವರ್ಷಗಳು ಕಳೆದಂತೆ ಸಿಲ್ವರ್ ಸಲ್ಫೈಡ್ ಆಗುತ್ತವೆ. ಬೆಳ್ಳಿ ಕಾಲ್ಗೆಜ್ಜೆ ಕಪ್ಪಾಗುವುದೂ ಇದರಿಂದಲೇ. ತೊಳೆದ ದಿನ ಆ ರೋಲಿನಲ್ಲಿ ಯಾವ ದೋಷವೂ ಕಂಡಿರಲಿಕ್ಕಿಲ್ಲ.

ಆಗಿನ ಕಷ್ಟ ಮರಳಿ ಬರಲಿ ಎಂದು ನನಗನ್ನಿಸಿಲ್ಲ. ಈಗ ರ‍್ಯಾಪಿಡ್ ಫಿಕ್ಸರ್ ದ್ರವ ಬಾಟಲಿಯಲ್ಲೇ ಬರುತ್ತದೆ, ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಫಿಲ್ಮ್ ಕಂಪನಿ ಇಲ್‌ಫರ್ಡ್‌ನವರು ಹೇಳಿಕೊಟ್ಟ ತೊಳೆಯುವ ಕ್ರಮವಂತೂ ನಮ್ಮ ಮನೆಗೆ ಆಗಲೇ ಗೊತ್ತಿರಬೇಕಿತ್ತು: ಟ್ಯಾಂಕಿಗೆ ನೀರು ತುಂಬಿ 5 ಸಲ ಬೋರಲು ಮಾಡಿ ಚೆಲ್ಲುವುದು, ಮತ್ತೆ ತುಂಬಿ 10 ಸಲ, ಇನ್ನೊಮ್ಮೆ ತುಂಬಿ 20 ಸಲ. ಗಟ್ಟಿ ಮಾಡುವ ಪದಾರ್ಥ ಬೆರೆಸದ ಫಿಕ್ಸರ್ ಬಳಸಿದ್ದರೆ ಇಷ್ಟೇ ಸಾಕು. ಅಮ್ಮ ಒಂದು ಮಾತೂ ಆಡುತ್ತಿರಲಿಲ್ಲ.

ಹೊಸಬರ ಕಲೆಗಳು ಬೇರೆ. ಎದುರು ಮನೆಯ ಹುಡುಗಿ ಒಂದು ರೋಲ್ ತಂದು, “ಅಂಕಲ್, ಎಲ್ಲಾ ನೇರಳೆ ಆಗಿಬಿಟ್ಟಿದೆ, ಹಾಳಾಯ್ತಾ?” ಅಂದಳು. ಹಾಳೇನೂ ಆಗಿರಲಿಲ್ಲ. ಫಿಲ್ಮಿಗೆ ಬೆಳಕಿನ ಬಣ್ಣಗಳನ್ನು ಗ್ರಹಿಸುವ ಶಕ್ತಿ ಕೊಡುವ ವರ್ಣದ್ರವ್ಯ ಪೂರ್ತಿ ಬಿಟ್ಟಿರಲಿಲ್ಲ, ಅಷ್ಟೆ. ಹೊಸ ಫಿಕ್ಸರ್‌ನಲ್ಲಿ ಇನ್ನಷ್ಟು ಹೊತ್ತಿಟ್ಟು ಚೆನ್ನಾಗಿ ತೊಳೆದರೆ ಹೋಗುತ್ತದೆ, ಬೆಳಕಿನಲ್ಲೇ ಮಾಡಬಹುದು. ಹಾಲಿನಂಥ ತೇಪೆ ಕಂಡರೂ ಇದೇ ಮದ್ದು, ಆದರೆ ತಡಮಾಡಬಾರದು. ಇನ್ನು ಒಣಗಿದ ಮೇಲೆ ಕಾಣುವ ಬಿಳಿ ಉಂಗುರಗಳು ನಮ್ಮ ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಎರಡು ನಿಮಿಷ ಅದ್ದಿ, ಮತ್ತೆ ತೊಳೆದು, ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ ನೇತುಹಾಕಿದರೆ ಸಾಮಾನ್ಯವಾಗಿ ಬಿಡುತ್ತವೆ. ಸ್ಕ್ಯಾನರ್ ನೋಡಿಕೊಳ್ಳುತ್ತದೆ ಅಂದುಕೊಳ್ಳುವವರಿದ್ದಾರೆ. ಅದರಲ್ಲಿ ದೂಳು-ಗೀರು ಅಳಿಸುವ ವ್ಯವಸ್ಥೆ ನಡೆಯುವುದು ಇನ್‌ಫ್ರಾರೆಡ್ ಕಿರಣದಿಂದ. ಬೆಳ್ಳಿ ಆ ಕಿರಣವನ್ನೂ ತಡೆಯುವುದರಿಂದ ಕಪ್ಪು-ಬಿಳುಪು ಫಿಲ್ಮಿಗೆ ಅದು ಒಗ್ಗುವುದಿಲ್ಲ.

ಅಕ್ಕನ ಮದುವೆಯ ರೋಲಿಗೆ ರಾಸಾಯನಿಕ ತಾಗಿಸಲು ನನಗೆ ಧೈರ್ಯವಿಲ್ಲ. ಕಲೆ ಅಳಿಸಹೋದರೆ ಚಿತ್ರವೂ ಅಳಿಯಬಹುದು. ಹಿಂದೆ ಇಂಥ ನೆಗೆಟಿವನ್ನು ಕಲೆಯದೇ ಬಣ್ಣದ ಫಿಲ್ಟರ್ ಹಾಕಿ ಕಾಪಿ ತೆಗೆಯುತ್ತಿದ್ದರು. ಈಗ ಬಣ್ಣದಲ್ಲೇ ಸ್ಕ್ಯಾನ್ ಮಾಡಿ ಕೆಂಪು ಚಾನೆಲ್ ಮಾತ್ರ ಇಟ್ಟುಕೊಳ್ಳುತ್ತಿದ್ದೇನೆ. ಹಳದಿಗಂದು ಕಲೆ ನೀಲಿಯನ್ನು ತಡೆದಷ್ಟು ಕೆಂಪನ್ನು ತಡೆಯುವುದಿಲ್ಲ. ಮಂಟಪದ ಬಾಳೆಕಂಬಗಳು ಬಹುಪಾಲು ಸಿಕ್ಕಿವೆ, ಭಾವನ ಪೇಟದ ಅಂಚು ಇನ್ನೂ ಸಿಕ್ಕಿಲ್ಲ.