ತಿಮಿಂಗಿಲ ಹತ್ತದ ಏಣಿ

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠ ಹೋಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ನನಗೂ ಸಂಕಟವಾಯಿತು. ಚೆನ್ನೈನ ಪುರಸೈವಾಕ್ಕಂನ ನಮ್ಮ ಕಟ್ಟಡದಲ್ಲೇ ಒಂದು ಮಾಧ್ವ ಕನ್ನಡ ಕುಟುಂಬವಿದೆ. ಮೊಮ್ಮಗಳು ಆ ವರ್ಷ ಹತ್ತನೇ ತರಗತಿ. ‘ಆ ಪಾಠ ನಾನು ಹೇಳಿಕೊಡ್ತೀನಿ’ ಎಂದು ನಾನಾಗಿ ಹೋದೆ.

ಅಜ್ಜಿ ಅಲ್ಲೇ ಹೂಬತ್ತಿ ಹೊಸೆಯುತ್ತ ಕೂತಿದ್ದರು. ಅವರಿಗೆ ನೋವಾಗಬಾರದು, ಪಾಠವೂ ಸಲೀಸಾಗಬೇಕು ಎಂದು ದಶಾವತಾರದಿಂದ ಶುರುಮಾಡಿದೆ. ಮೊದಲು ನೀರಿನ ಮೀನು, ಆಮೇಲೆ ಎರಡೂ ಕಡೆ ಸಲ್ಲುವ ಆಮೆ, ನೆಲದ ವರಾಹ, ಅರ್ಧ ಮೃಗವಾದ ನರಸಿಂಹ, ಕೊನೆಗೆ ಮನುಷ್ಯ. ‘ಡಾರ್ವಿನ್ 1859ರಲ್ಲಿ ಹೇಳಿದ್ದನ್ನ ನಮ್ಮವರು ಎಂದೋ ಹೇಳಿದ್ರು’ ಎಂದೆ.

‘ಆಮೆ ಸರೀಸೃಪ ಅಲ್ವಾ ಮಾಮಾ? ಮೀನಾದ ಮೇಲೆ ಕಪ್ಪೆ ಬರಬೇಕಿತ್ತು’ ಎಂದಳು ಹುಡುಗಿ. ನಾನು ಸುಮ್ಮನಾದೆ. ‘ಹಾಗಾದ್ರೆ ಎಲ್ಲ ಪ್ರಾಣಿಗಳೂ ಮನುಷ್ಯ ಆಗೋಕೇ ಹೊರಟಿವೆಯಾ?’ ಅದಕ್ಕೂ ತಡವರಿಸಿದೆ. ಅಜ್ಜಿ ಬತ್ತಿ ಕೆಳಗಿಟ್ಟು ಮೆತ್ತಗೆ ಕೇಳಿದರು: ‘ಪಾಠ ಗೊತ್ತಿದ್ರೆ ಹೇಳಿಕೊಡಿ. ಅದಕ್ಕೆ ದೇವರನ್ನ ಯಾಕೆ ಸಾಕ್ಷಿಗೆ ಕರೀತೀರಿ?’

ತಲೆ ಎತ್ತಲಾಗಲಿಲ್ಲ. 2019ರಲ್ಲಿ ಜಲಂಧರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಕುಲಪತಿಯೊಬ್ಬರು ಡಾರ್ವಿನ್ನನದಕ್ಕಿಂತ ದಶಾವತಾರವೇ ಮೇಲಾದ ಸಿದ್ಧಾಂತ ಎಂದಾಗ ಪತ್ರಿಕೆ ಹಿಡಿದು ಕಿಡಿಕಾರಿದ್ದವನು ನಾನು. ಈಗ ಹೆಚ್ಚುಕಡಿಮೆ ಅದೇ ಮಾತನ್ನು ನಯವಾಗಿ ಆಡಿದ್ದೆ. ಜೀವವಿಕಾಸವನ್ನು ನಾನು ಒಪ್ಪಿದ್ದು ತಿಳಿದವರು ಒಪ್ಪಿದ್ದಾರೆ ಎಂಬ ಒಂದೇ ಕಾರಣಕ್ಕೆ. ಪುರಾವೆ ಏನೆಂದು ಯಾರಾದರೂ ಕೇಳಿದ್ದರೆ ನನ್ನ ಕೈ ಬರಿದಾಗಿರುತ್ತಿತ್ತು.

ಓದಿಕೊಂಡ ಮೇಲೆ ಹುಡುಗಿಯನ್ನು ಪಕ್ಕದ ಎಗ್ಮೋರಿನ ಮ್ಯೂಸಿಯಂಗೆ ಕರೆದೊಯ್ದೆ, ಅಜ್ಜಿಯೂ ಬಂದರು. ಅಲ್ಲಿ ತಿಮಿಂಗಿಲದ ಅಸ್ಥಿಪಂಜರವಿದೆ. ತಿಮಿಂಗಿಲದ ಈಜುರೆಕ್ಕೆಯೊಳಗೆ ಇರುವುದು ನಮ್ಮದೇ ಮಾದರಿಯ ತೋಳು, ಮಣಿಕಟ್ಟು, ಬೆರಳುಗಳ ಮೂಳೆಗಳು. ಓದಿದ್ದನ್ನೂ ಹೇಳಿದೆ: ಜಮ್ಮುವಿನ ಕಾಲಾಕೋಟ್‌ನಲ್ಲಿ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿಟ್ಟಿದ್ದ ಕಲ್ಲುಗಳೊಳಗಿಂದ ಸುಮಾರು 4.8 ಕೋಟಿ ವರ್ಷ ಹಳೆಯ ಇಂಡೋಹೈಯಸ್ ಎಂಬ ಪುಟ್ಟ ಗೊರಸುಪ್ರಾಣಿಯ ಮೂಳೆಗಳು ಸಿಕ್ಕವು. ಅದರ ಕಿವಿಯ ಮೂಳೆ ತಿಮಿಂಗಿಲಗಳ ಕಿವಿಮೂಳೆಯಂತೆ ದಪ್ಪಗಾಗಿತ್ತು ಎಂದು 2007ರಲ್ಲಿ ಪಳೆಯುಳಿಕೆ ತಜ್ಞ ಥೆವಿಸ್ಸನ್ ಅವರ ತಂಡ ಪ್ರಕಟಿಸಿತು. ಡಿಎನ್‌ಎ ನೋಡಿದರೆ ಇಂದು ಬದುಕಿರುವವುಗಳಲ್ಲಿ ತಿಮಿಂಗಿಲಕ್ಕೆ ಹತ್ತಿರದ ನೆಂಟ ನೀರಾನೆ, ಅದೂ ಗೊರಸಿನದೇ. ನಾನು ಕಲಿಸಿದ ಏಣಿಯಲ್ಲಿ ನೀರಿನಿಂದ ನೆಲಕ್ಕೆ ಹತ್ತುವುದೊಂದೇ ದಾರಿ. ತಿಮಿಂಗಿಲದ ಪೂರ್ವಜರು ನೆಲದಿಂದ ನೀರಿಗೆ ಮರಳಿದವರು. ಹುಡುಗಿಯ ಎರಡನೇ ಪ್ರಶ್ನೆಗೆ ಉತ್ತರ ಅಲ್ಲಿತ್ತು: ಯಾವ ಜೀವಿಯೂ ಮನುಷ್ಯನಾಗಲು ಹೊರಟಿಲ್ಲ.

ಕಲ್ಲು ಒಡೆದವರೂ ಡಿಎನ್‌ಎ ಓದಿದವರೂ ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ವಂಶವೃಕ್ಷವನ್ನು ಕಂಡಿದ್ದಾರೆ. ಎರಡೂ ತಾಳೆಯಾಗದಿದ್ದರೆ ಜೀವವಿಕಾಸದ ಸಿದ್ಧಾಂತಕ್ಕೇ ಪೆಟ್ಟು ಬೀಳುತ್ತಿತ್ತು. ಇಂಥ ಪರೀಕ್ಷೆಗೆ ಮತ್ತೆ ಮತ್ತೆ ಮೈಯೊಡ್ಡಿ ಉಳಿದದ್ದರಿಂದಲೇ ಅದಕ್ಕೆ ವಿಜ್ಞಾನದಲ್ಲಿ ಗಟ್ಟಿ ಸ್ಥಾನ. ಪುರಾಣದ ಊರುಗೋಲು ಅದಕ್ಕೆ ಬೇಡ. ಅಜ್ಜಿಯ ಭಕ್ತಿಯೂ ಪಳೆಯುಳಿಕೆಯ ಒಪ್ಪಿಗೆಗಾಗಿ ಕಾದು ಕೂತಿಲ್ಲ.

ಅವರಿಗೆ ನೋವಾದೀತೆಂದು ನಿಜವನ್ನು ತಿದ್ದಿ ಹೇಳಿದ್ದನ್ನು ನಾನು ಗೌರವ ಎಂದುಕೊಂಡಿದ್ದೆ. ನಿಜ ಕೇಳುವಷ್ಟು ಗಟ್ಟಿ ಮನಸ್ಸು ಅವರಿಗಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅವರಿಗೆ ಮಾಡಿದ ಅವಮಾನ ಅದು.