ಕೇಡ್ಸ್ ಕೋವ್ ಕಣಿವೆಯಲ್ಲಿ ಒಂದು ದಿನ

ಕಳೆದ ವರ್ಷದ ಜೂನ್ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಅಮೆರಿಕದ ನಾಕ್ಸ್‌ವಿಲ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಎತ್ತರದ ಕಟ್ಟಡಗಳನ್ನೂ ದೊಡ್ಡ ದೊಡ್ಡ ಅಂಗಡಿಗಳನ್ನೂ ನೋಡಿ ದಣಿದಿದ್ದ ನಮ್ಮನ್ನು ಒಂದು ಶನಿವಾರ ಮಗನು, "ಅವ್ವಾ, ಇವತ್ತು ನಿನಗೆ ಇಲ್ಲಿಯ ಅಡವಿ ತೋರಿಸುತ್ತೇನೆ" ಎಂದು ಬೆಳಗಿನ ಜಾವದಲ್ಲಿಯೇ ಹೊರಡಿಸಿದನು. ಸೊಸೆ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡಳು. ಎಂಟು ವರ್ಷದ ಮೊಮ್ಮಗಳು ನಿದ್ದೆಗಣ್ಣಿನಲ್ಲಿಯೇ ಕಾರನ್ನೇರಿದಳು.

ಟೆನೆಸೀ ಹಾಗೂ ಉತ್ತರ ಕ್ಯಾರೊಲಿನಾ ರಾಜ್ಯಗಳ ಗಡಿಯುದ್ದಕ್ಕೂ ಹಬ್ಬಿರುವ ಗ್ರೇಟ್ ಸ್ಮೋಕಿ ಪರ್ವತಪ್ರದೇಶವು 1934ರಿಂದ ರಾಷ್ಟ್ರೀಯ ಉದ್ಯಾನವಾಗಿದೆ. ಅದರ ಮಡಿಲಲ್ಲಿರುವುದೇ ಕೇಡ್ಸ್ ಕೋವ್ ಎಂಬ ಕಣಿವೆ. ಸುತ್ತಲೂ ದಟ್ಟವಾದ ಬೆಟ್ಟಗಳು, ನಡುವೆ ವಿಶಾಲವಾದ ಹುಲ್ಲುಗಾವಲು. ಹಿಂದಿನ ಕಾಲದ ರೈತರು ಕಟ್ಟಿದ ಮರದ ಮನೆಗಳು, ಪ್ರಾರ್ಥನಾ ಮಂದಿರಗಳು, ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ. ಇವೆಲ್ಲವನ್ನೂ ಬಳಸಿಕೊಂಡು 11 ಮೈಲುಗಳ ಸುತ್ತುರಸ್ತೆಯೊಂದು ಸಾಗುತ್ತದೆ. ಸೂರ್ಯೋದಯಕ್ಕೆ ಅದರ ಬಾಗಿಲು ತೆರೆಯುವ ಹೊತ್ತಿಗೆ ನಾವು ಅಲ್ಲಿದ್ದೆವು. ಹುಲ್ಲಿನ ಮೇಲೆ ಮಂಜು ಇನ್ನೂ ಹಾಸಿಕೊಂಡಿತ್ತು.

ಸ್ವಲ್ಪ ದೂರ ಸಾಗುವಷ್ಟರಲ್ಲಿ ಮೊಮ್ಮಗಳು, "ಅಜ್ಜಿ, ಟರ್ಕಿ!" ಎಂದು ಕೂಗಿದಳು. ಮಗನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದನು. ಹುಲ್ಲುಗಾವಲಿನ ಅಂಚಿನಲ್ಲಿ ನಮ್ಮ ಊರ ಕೋಳಿಗಿಂತ ಎಷ್ಟೋ ದೊಡ್ಡದಾದ ಕಂದುಬಣ್ಣದ ಹೇಂಟೆಯೊಂದು ನಿಧಾನವಾಗಿ ಹೆಜ್ಜೆಯಿಡುತ್ತಿತ್ತು. ಎಳೆಬಿಸಿಲು ಬಿದ್ದಾಗ ಅದರ ಗರಿಗಳು ಕಂಚಿನಂತೆ ಹೊಳೆಯುತ್ತಿದ್ದವು. ಅದರ ಹಿಂದೆ ಮುಷ್ಟಿಯಷ್ಟು ಗಾತ್ರದ ಮರಿಗಳು ಹುಳುಗಳನ್ನು ಹೆಕ್ಕುತ್ತ ಬರುತ್ತಿದ್ದವು. ಮೊಮ್ಮಗಳು ಬೆರಳು ಮಡಿಚಿ ಎಣಿಸಿದಳು; ಒಂಬತ್ತು.

ಟರ್ಕಿ ಎಂಬ ಹೆಸರಿದ್ದರೂ ಇದು ಅಮೆರಿಕ ಖಂಡದ್ದೇ ಹಕ್ಕಿ. ಹೇಂಟೆಯು ನೆಲದ ಮೇಲೆ ಒಣಗಿದ ಎಲೆಗಳ ನಡುವೆ ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟು ಸುಮಾರು 28 ದಿನ ಕಾವು ಕೊಡುತ್ತದೆ. ಆ ದಿನಗಳಲ್ಲಿ ಕೇರೆಹಾವು, ಕಾಗೆ, ರಕೂನ್, ಸ್ಕಂಕ್ ಮೊದಲಾದವುಗಳಿಗೆಲ್ಲ ಮೊಟ್ಟೆಗಳ ಮೇಲೆಯೇ ಕಣ್ಣು. ಅರ್ಧಕ್ಕಿಂತ ಹೆಚ್ಚು ಗೂಡುಗಳು ಹೀಗೆಯೇ ಹಾಳಾಗುತ್ತವೆಯಂತೆ. ಮರಿಗಳು ಹೊರಬಂದ ಮೇಲೆ ಇನ್ನೂ ಕಷ್ಟ. ಹಾರಿ ಮರವೇರುವ ಶಕ್ತಿ ಬರಲು ಅವಕ್ಕೆ ಸುಮಾರು ಎರಡು ವಾರ ಬೇಕು. ಅಲ್ಲಿಯವರೆಗೆ ತೋಳದ ಜಾತಿಯ ಕಯೋಟಿ, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು, ಗಿಡುಗ ಇವುಗಳ ನಡುವೆಯೇ ನೆಲದ ಮೇಲೆ ಬದುಕಬೇಕು. ಮರವೇರಿದ ಮೇಲೂ ರಾತ್ರಿಯಲ್ಲಿ ಕೊಂಬಿನ ಗೂಬೆಯ ಭಯ ತಪ್ಪಿದ್ದಲ್ಲ.

ಮಗನು ಇದನ್ನೆಲ್ಲ ಹೇಳುತ್ತಿರುವಾಗಲೇ ತಾಯಿಕೋಳಿ ಥಟ್ಟನೆ ನಿಂತು ಕತ್ತನ್ನೆತ್ತಿತು. 'ಪಟ್' ಎಂಬ ಗಡುಸಾದ ಒಂದು ಸದ್ದು. ಮರುಕ್ಷಣವೇ ಮರಿಗಳು ಕಾಣಿಸಲಿಲ್ಲ. ಓಡಿಹೋದವೇ ಎಂದುಕೊಂಡೆ, ಇಲ್ಲ, ಇದ್ದಲ್ಲಿಯೇ ಹುಲ್ಲಿನೊಳಗೆ ಅಡಗಿ ಅಲುಗಾಡದೆ ಕುಳಿತಿದ್ದವು. ಆಗ ಮರಗಳ ನೆರಳಿನಿಂದ ಬೂದುಬಣ್ಣದ ಕಯೋಟಿಯೊಂದು ಹೊರಬಂದಿತು.

ತಾಯಿಕೋಳಿ ಹಾರಿಹೋಗಬಹುದಾಗಿತ್ತು. ಹಾರಲಿಲ್ಲ. ಮುರಿದಂತೆ ಒಂದು ರೆಕ್ಕೆಯನ್ನು ನೆಲಕ್ಕೆ ಎಳೆಯುತ್ತ, ಮರಿಗಳಿದ್ದ ಜಾಗದಿಂದ ದೂರಕ್ಕೆ ಕುಂಟುತ್ತ ಓಡತೊಡಗಿತು. ಕಯೋಟಿ ಅದರ ಬೆನ್ನು ಹತ್ತಿತು. ನಮ್ಮ ಯಜಮಾನರು ತಡೆಯಲಾರದೆ ಹಾರ್ನ್ ಒತ್ತಲು ಕೈ ಚಾಚಿದರು. ಮಗನು, "ಬೇಡ ಅಪ್ಪಾ, ಇಲ್ಲಿ ಯಾರೂ ಪ್ರಾಣಿಗಳಿಗೆ ಅಡ್ಡ ಬರಬಾರದು" ಎಂದು ಕೈ ಹಿಡಿದನು. ಕಯೋಟಿ ಇನ್ನೇನು ಬಾಯಿ ಹಾಕಬೇಕು ಎನ್ನುವಷ್ಟರಲ್ಲಿ ಕೋಳಿ ಭರ್ರನೆ ಮೇಲೆದ್ದು ಮರವೇರಿತು. ಕಯೋಟಿ ಹಿಂತಿರುಗಿ ಹುಲ್ಲನ್ನು ಮೂಸುತ್ತ ಅಡ್ಡಾಡಿತು, ಒಂದು ಕಡೆ ತಲೆ ಬಗ್ಗಿಸಿತು, ಅನಂತರ ಅಡವಿಯೊಳಗೆ ಮರೆಯಾಯಿತು.

ಕಾಲು ಗಂಟೆಯ ಬಳಿಕ ತಾಯಿ ಕೆಳಗಿಳಿದು ಮೆಲುದನಿಯಲ್ಲಿ ಕರೆಯಿತು. ಹುಲ್ಲಿನಿಂದ ಒಂದೊಂದೇ ಮರಿ ಎದ್ದು ಬಂದಿತು. ಮೊಮ್ಮಗಳು ಎರಡು ಸಲ ಎಣಿಸಿದಳು, ಎಂಟು. ಅವಳ ಕಣ್ಣಲ್ಲಿ ನೀರು ನಿಂತಿತು. "ಇವನ್ನೆಲ್ಲ ಬಲೆಯೊಳಗೆ ಸಾಕಿ ದೊಡ್ಡವಾದ ಮೇಲೆ ಕಾಡಿಗೆ ಬಿಡಬಾರದೇ?" ಎಂದು ಕೇಳಿದಳು. ನನ್ನ ಮನಸ್ಸಿನಲ್ಲಿದ್ದುದೂ ಅದೇ ಪ್ರಶ್ನೆ.

ಉತ್ತರ ದೊರೆತದ್ದು ಗಿರಣಿಯ ಬಳಿಯ ಮಾಹಿತಿ ಕೇಂದ್ರದಲ್ಲಿ. ಅಲ್ಲಿ ಸ್ವಯಂಸೇವಕರಾಗಿದ್ದ ವೃದ್ಧರೊಬ್ಬರು ಮಗುವನ್ನು ಹತ್ತಿರ ಕೂರಿಸಿಕೊಂಡು ಹೇಳಿದರು. ಒಂದು ಕಾಲಕ್ಕೆ ಲಕ್ಷಾಂತರ ಸಂಖ್ಯೆಯಲ್ಲಿದ್ದ ಕಾಡು ಟರ್ಕಿಗಳು 1930ರ ದಶಕದ ಹೊತ್ತಿಗೆ ದೇಶದ ಬಹುಭಾಗದಲ್ಲಿ ಇಲ್ಲವಾಗಿದ್ದವು. ಅದಕ್ಕೆ ಕಾರಣ ಕಾಡುಪ್ರಾಣಿಗಳಲ್ಲ. ಅಡವಿ ಕಡಿದ, ಮಿತಿಯಿಲ್ಲದೆ ಬೇಟೆಯಾಡಿದ ಮನುಷ್ಯರು. ಮುಂದೆ ಅವುಗಳನ್ನು ಉಳಿಸಲೆಂದು ಮೊಟ್ಟೆಗಳನ್ನು ಸಾಕಣೆಮನೆಯಲ್ಲಿ ಮರಿಮಾಡಿಸಿ, ಚೆನ್ನಾಗಿ ಮೇಯಿಸಿ, ಕಾಡಿಗೆ ಬಿಟ್ಟರು. ವರ್ಷಗಟ್ಟಲೆ ಬಿಟ್ಟರೂ ಅವು ಉಳಿಯಲಿಲ್ಲ. ಕಯೋಟಿಯನ್ನು ಕಂಡರೆ ಅಡಗಬೇಕೆಂದು, ಸಂಜೆಯಾದರೆ ಮರವೇರಬೇಕೆಂದು ಹೇಳಿಕೊಡುವ ತಾಯಿ ಅವಕ್ಕೆ ಇರಲಿಲ್ಲ. 1951ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಫಿರಂಗಿಯಂಥ ಸಾಧನದಿಂದ ಬಲೆಯನ್ನು ಚಿಮ್ಮಿಸಿ ಕಾಡಿನ ಕೋಳಿಗಳನ್ನೇ ಹಿಡಿಯುವ ಉಪಾಯ ಕೈಗೂಡಿತು. ಅಡವಿಯಲ್ಲಿ ಹುಟ್ಟಿ, ತಾಯಿಯ ಜೊತೆ ಬೆಳೆದ ಆ ಹಕ್ಕಿಗಳನ್ನು ಬೇರೆ ಕಾಡುಗಳಿಗೆ ಒಯ್ದು ಬಿಟ್ಟಾಗ ಅವು ನೆಲೆಯೂರಿದವು. ಇಂದು ಆ ದೇಶದಲ್ಲಿ ಅವುಗಳ ಸಂಖ್ಯೆ ಸುಮಾರು 60 ಲಕ್ಷ.

ಮೊಮ್ಮಗಳು, "ಹಾಗಾದರೆ ಆ ಕಯೋಟಿ ಕೆಟ್ಟದ್ದಲ್ಲವೇ?" ಎಂದಳು. ಅವರು ನಕ್ಕು, "ಅದರ ಮನೆಯಲ್ಲಿಯೂ ಮರಿಗಳಿವೆಯಮ್ಮಾ" ಎಂದರು.

ನನಗೆ ಅವರ ಮಾತು ದಿನವಿಡೀ ಕಾಡಿತು. ನಮ್ಮ ಮನೆಗಳಲ್ಲಿಯೂ ಮಕ್ಕಳಿಗೆ ಬಿಸಿಲು ತಾಗದಂತೆ, ಕಷ್ಟ ತಿಳಿಯದಂತೆ ಬೆಳೆಸುವುದೇ ಪ್ರೀತಿಯೆಂದು ನಾವು ತಿಳಿದಿದ್ದೇವೆ. ಆ ತಾಯಿಕೋಳಿಗೆ ಮರಿಗಳ ಮೇಲಿದ್ದ ಪ್ರೀತಿ ಕಡಿಮೆಯದೇ? ಅವುಗಳಿಗಾಗಿ ತನ್ನ ಪ್ರಾಣವನ್ನೇ ಪಣಕ್ಕಿಟ್ಟಿತು. ಆದರೆ ಅಪಾಯವನ್ನು ಅವುಗಳಿಂದ ಮರೆಮಾಚಲಿಲ್ಲ. ಅದನ್ನು ಗುರುತಿಸುವುದನ್ನು ಕಲಿಸಿತು.

ಸಂಜೆ ಹಿಂತಿರುಗುವಾಗ ದೊಡ್ಡ ಟರ್ಕಿಗಳು ಒಂದೊಂದಾಗಿ ಎತ್ತರದ ಮರಗಳಿಗೆ ಹಾರಿ ಕೊಂಬೆಗಳ ಮೇಲೆ ಕೂರುತ್ತಿದ್ದವು. ಮೊಮ್ಮಗಳು ಕಿಟಕಿಯಿಂದ ಅವುಗಳ ನಡುವೆ ಬೆಳಗಿನ ತಾಯಿಯನ್ನು ಹುಡುಕಿ, "ಅದು ಎಲ್ಲಿ ಅಪ್ಪಾ?" ಎಂದಳು.

"ಅದು ಮರವೇರುವುದಿಲ್ಲ ಮಗಳೇ. ಮರಿಗಳು ಹಾರಲು ಕಲಿಯುವ ತನಕ ಅವನ್ನು ರೆಕ್ಕೆಯ ಕೆಳಗಿಟ್ಟುಕೊಂಡು ನೆಲದ ಮೇಲೆಯೇ ರಾತ್ರಿ ಕಳೆಯುತ್ತದೆ" ಎಂದನು ಮಗ.

ಮನೆ ಮುಟ್ಟುವವರೆಗೆ ಅವಳು ನನ್ನ ಸೆರಗನ್ನು ಬಿಡಲಿಲ್ಲ.