ಕುಸ್ವಾರ್ ತಟ್ಟೆ ಹಿಡಿದು

ಮಕ್ಕಳೇ, ಡಿಸೆಂಬರ್ ತಿಂಗಳಲ್ಲಿ ಮಂಗಳೂರಿಗೆ ಬಂದರೆ ನಿಮ್ಮ ಮೂಗೇ ನಿಮಗೆ ದಾರಿ ತೋರಿಸುತ್ತದೆ. ಜೆಪ್ಪು, ವೆಲೆನ್ಸಿಯಾ, ಬೆಂದೂರು, ಬಿಜೈ - ಯಾವ ಓಣಿ ಹೊಕ್ಕರೂ ಎಣ್ಣೆಯಲ್ಲಿ ಏನೋ ಕರಿಯುವ ಪರಿಮಳ. ಮಾಡಿನ ಅಂಚಿನಲ್ಲಿ ತೂಗುವ ನಕ್ಷತ್ರ, ಅಂಗಳದ ಮೂಲೆಯಲ್ಲಿ ಅರ್ಧ ಕಟ್ಟಿದ ಗೋದಲಿ. ಬಾಲ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ ನಮ್ಮಲ್ಲಿ ಗೋದಲಿ ಎನ್ನುತ್ತಾರೆ.

ನಾನು ಹುಟ್ಟಿ ಬೆಳೆದದ್ದು ಜೆಪ್ಪುವಿನಲ್ಲಿ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಕಳೆದ ಡಿಸೆಂಬರಿನಲ್ಲಿ ಮಗಳು ತನ್ನ ಇಬ್ಬರು ಮಕ್ಕಳೊಂದಿಗೆ ಬೆಂಗಳೂರಿನಿಂದ ಬಂದಳು. ಮೊಮ್ಮಗಳಿಗೆ 11 ವರ್ಷ, ಮೊಮ್ಮಗನಿಗೆ 8. "ಇವರನ್ನು ಸ್ವಲ್ಪ ಹೊರಗೆ ಕರೆದುಕೊಂಡು ಹೋಗಿ ಅಪ್ಪ, ಅಡುಗೆಮನೆಯಲ್ಲಿ ಕಾಲಿಗೆ ಸಿಗುತ್ತಿದ್ದಾರೆ" ಎಂದಳು ಮಗಳು.

ಸಿಟಿ ಬಸ್ಸು ಹತ್ತಿದೆವು. ಕಂಡಕ್ಟರ್ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಕೂಗುತ್ತಿದ್ದ. "ಅಜ್ಜಾ, ನಿಮ್ಮ ಬ್ಯಾಂಕಿಗೆ ಹೋಗುವುದಾ?" ಎಂದ ಮೊಮ್ಮಗ. ಮಂಗಳೂರಿನಲ್ಲಿ ಅದು ಬಸ್ ನಿಲ್ದಾಣದ ಹೆಸರು ಎಂದು ತಿಳಿಸಿ ಹೇಳಬೇಕಾಯಿತು. ಅಲ್ಲಿಂದ ನಡೆದು ಹಂಪನಕಟ್ಟೆಗೆ ಬಂದು ಮಿಲಾಗ್ರಿಸ್ ಇಗರ್ಜಿ ನೋಡಿದೆವು. ಆ ಇಗರ್ಜಿ ಸ್ಥಾಪನೆಯಾದದ್ದು 1680ರಲ್ಲಿ. ಆಮೇಲೆ ಲೈಟ್‌ಹೌಸ್ ಗುಡ್ಡದ ಏರು ಹತ್ತಿ ಸಂತ ಅಲೋಶಿಯಸ್ ಚಾಪೆಲ್ ಹೊಕ್ಕೆವು. ಅದರ ಗೋಡೆ, ಮಾಡು ಎಲ್ಲ ಚಿತ್ರಗಳೇ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಎಂಬವರು ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಬರೆದದ್ದು.

ಮೊಮ್ಮಗಳು ಕತ್ತೆತ್ತಿ ನೋಡಿ, "ಇಷ್ಟನ್ನೂ ಒಬ್ಬರೇ ಮಾಡಿದರಾ ಅಜ್ಜಾ?" ಎಂದು ಕೇಳಿದಳು.

"ಬರೆದವರು ಅವರು. ಆದರೆ ಏಣಿ ಹಿಡಿದವರು, ನೀರು ತಂದುಕೊಟ್ಟವರು ಯಾರಾದರೂ ಇದ್ದಿರಬೇಕಲ್ಲ?" ಎಂದೆ. ಹಾಗೆ ಹೇಳುವಾಗ ನನಗೆ ನನ್ನ ಅಮ್ಮನ ನೆನಪಾಯಿತು. ಚಾಪೆಲ್ಲಿನ ಹೊರಗೆ, ಮರದ ನೆರಳಿನಲ್ಲಿ ಕೂತು ಆ ಕತೆ ಹೇಳಿದೆ.

ಅದು 1963. ನನಗೆ 11 ವರ್ಷ. ನಾವು ಐದು ಮಕ್ಕಳು, ನಾನೇ ಹಿರಿಯವ. ಅಪ್ಪ ಹಂಚಿನ ಕಾರ್ಖಾನೆಯ ಕೆಲಸ ಮುಗಿಸಿ ಬರುವಾಗ ಕತ್ತಲಾಗುತ್ತಿತ್ತು. ಡಿಸೆಂಬರ್ 24ರಂದು ಅಮ್ಮ, "ನಾಲ್ಕು ಗಂಟೆಗೆ ಬಾ ಮಗಾ. ತಮ್ಮ ತಂಗಿಯರನ್ನು ನೋಡಿಕೊ, ನಾನು ನೆವ್ರಿ ಕರಿದು ಮುಗಿಸುತ್ತೇನೆ. ಆಮೇಲೆ ಮನೆಮನೆಗೆ ತಟ್ಟೆ ಕೊಟ್ಟು ಬರುವಿಯಂತೆ" ಎಂದಿದ್ದರು. ನಾನು ಗೆಳೆಯರ ಜೊತೆ ಊರಿನ ಗೋದಲಿಗಳನ್ನು ನೋಡುತ್ತ ಹೊರಟವನು, ಮನೆಗೆ ಬಂದಾಗ ಏಳು ಗಂಟೆ. ಅಮ್ಮ ಬೈಯಲಿಲ್ಲ. ತಟ್ಟೆಗಳನ್ನು ತಾವೇ ಹಂಚಿ ಬಂದಿದ್ದರು.

ಆ ರಾತ್ರಿ ಲಾಟೀನು ಹಿಡಿದು ನಡುರಾತ್ರಿಯ ಬಲಿಪೂಜೆಗೆ ಹೋದೆವು. ಹಾಡು ಶುರುವಾಗುವ ಮೊದಲೇ ಅಮ್ಮ ಕೂತಲ್ಲೇ ನಿದ್ದೆ ಹೋದರು. ಮಡಿಲಲ್ಲಿದ್ದ ಅವರ ಬಲಗೈ ಮೇಲೆ ಎಣ್ಣೆ ಸಿಡಿದು ದೊಡ್ಡ ಬೊಬ್ಬೆ ಎದ್ದಿತ್ತು. ಅಳುವ ತಂಗಿಯನ್ನು ಒಂದು ಕೈಯಲ್ಲಿ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಕರಿದಿದ್ದರಂತೆ. ಆ ಕಲೆ ಕಡೆಯವರೆಗೂ ಹೋಗಲಿಲ್ಲ.

ಮಕ್ಕಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ ಮೊಮ್ಮಗಳು, "ಅಜ್ಜಾ, ಮನೆಗೆ ಹೋಗುವನಾ?" ಎಂದಳು.

ಮನೆಗೆ ಬಂದು ಒಂದು ಹಳೆಯ ಪುಸ್ತಕದಲ್ಲಿ ಲೆಕ್ಕ ಬರೆದೆವು. ಗುಮಾಸ್ತನ ಬುದ್ಧಿ ನೋಡಿ! ಎಡಗಡೆ ಹಬ್ಬದ ಕೆಲಸಗಳು, ಬಲಗಡೆ ಮಾಡುವವರ ಹೆಸರು. ಕೆಲಸಗಳು 19. ಬಲಗಡೆ ಇದ್ದದ್ದು ಎರಡೇ ಹೆಸರು, "ಅಮ್ಮ" ಮತ್ತು "ಅಜ್ಜಿ". ಅಜ್ಜಿಗೋ ಮಂಡಿನೋವು. ಸಂಜೆಯೊಳಗೆ 9 ಕೆಲಸಗಳು ಮಕ್ಕಳ ಹೆಸರಿಗೆ ವರ್ಗವಾದವು.

ಮೊಮ್ಮಗ ರಾಗಿ ನೆನೆಸಿ ಗೆರಟೆಗಳಲ್ಲಿ ಬಿತ್ತಿದ. ದಿನಾ ನೀರು ಚಿಮುಕಿಸಿದ್ದಕ್ಕೆ ಹಬ್ಬದ ಹೊತ್ತಿಗೆ ಹಸಿರು ಚಿಗುರು ಬಂದು, ಗೋದಲಿಗೆ ಪುಟ್ಟ ಗದ್ದೆ ಸಿದ್ಧವಾಯಿತು. ಕಿಡಿಯೊ ಮಾಡಲು ಇಬ್ಬರೂ ಕೂತರು. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳುಗಳು! ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡಿದರೆ ಗೆರೆ ಗೆರೆಯ ಹುಳು ತಯಾರು. ಮೊಮ್ಮಗಳು ನೆವ್ರಿಯ ಹೂರಣಕ್ಕೆ ಎಳ್ಳು ಆರಿಸಿದಳು, ಏಲಕ್ಕಿ ಸುಲಿದಳು. ನೆವ್ರಿ ಎಂದರೆ ನಿಮ್ಮ ಕರ್ಜಿಕಾಯಿಯ ಹತ್ತಿರದ ಬಂಧು. ಗುಲಾಬಿ ಹೂವಿನ ಅಚ್ಚಿನ ಕೊಕ್ಕಿಸಾಂ ಕರಿಯುವಾಗ ಮಾತ್ರ ಇಬ್ಬರೂ ಒಲೆಯಿಂದ ದೂರ. ಅದು ದೊಡ್ಡವರ ಕೆಲಸ. ಈ ತಿಂಡಿಗಳೆಲ್ಲ ಸೇರಿ ಕುಸ್ವಾರ್.

24ರ ಮಧ್ಯಾಹ್ನ ತಟ್ಟೆಗಳಿಗೆ ಕುಸ್ವಾರ್ ತುಂಬಿ, ಕಸೂತಿ ಬಟ್ಟೆ ಮುಚ್ಚಿ, ಮಕ್ಕಳು ಮನೆಮನೆಗೆ ಹೊರಟರು. ನಮ್ಮ ಓಣಿಯಲ್ಲಿ ಚೌತಿಗೆ ಕಡುಬು ಕಳಿಸುವ ಮನೆಯಿದೆ, ಈದ್‌ಗೆ ಬಿರಿಯಾನಿ ಕಳಿಸುವ ಮನೆಯಿದೆ. ಕ್ರಿಸ್ಮಸ್‌ಗೆ ನಮ್ಮ ಸರದಿ. ಬರಿ ತಟ್ಟೆ ಹಿಂದೆ ಬರಬಾರದು ಎಂದು ಅವರೆಲ್ಲ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರು.

ಮಕ್ಕಳು ಮರಳಿ ಬಂದಾಗ ನಾಲ್ಕು ಗಂಟೆ. ಮಗಳು ಜಗಲಿಯಲ್ಲಿ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದಳು. "ಈ ವಾರದಲ್ಲಿ ಇವತ್ತೇ ನೋಡಿ ಅಪ್ಪ, ಆರುವ ಮೊದಲು ಕುಡಿದದ್ದು" ಎಂದು ನಕ್ಕಳು. ಆ ರಾತ್ರಿ ಬಲಿಪೂಜೆಯಲ್ಲಿ ಅವಳು ಪೂರ್ತಿ ಎಚ್ಚರವಿದ್ದು ಮಕ್ಕಳ ಜೊತೆ ಹಾಡಿದಳು. ನಾನು ಹಿಂದಿನ ಬೆಂಚಿನಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿದ್ದೆ.

ಮಕ್ಕಳೇ, ನಿಮ್ಮ ಮನೆಯ ಹಬ್ಬ ಯಾವುದೇ ಇರಲಿ, ಒಂದು ಪುಸ್ತಕದಲ್ಲಿ ಅಮ್ಮ ಅಪ್ಪನ ಕೆಲಸಗಳನ್ನು ಬರೆದು ನೋಡಿ. ಬಲಗಡೆ ನಿಮ್ಮ ಹೆಸರು ಎಷ್ಟು ಕಡೆ ಇದೆ, ಎಣಿಸಿ.